‘ಸಿನ್ಸ್ ಫೈವ್ ಇಯರ್ಸ್’ ಎಲ್ಲಿ ಕೆಟ್ಟಿತು? ಇಂಗ್ಲಿಷಿನಲ್ಲಿ ಕಾಲದ ಉದ್ದ ಹೇಳುವಾಗ ಆಗುವ ದೋಷಗಳ ಪತ್ತೆ

ಎಷ್ಟು ಹೊತ್ತು, ಎಷ್ಟು ದಿನ, ಎಷ್ಟು ವರ್ಷ ಅಂತ ಇಂಗ್ಲಿಷಿನಲ್ಲಿ ಹೇಳುವಾಗ ಆಗುವ ತಪ್ಪು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಕೇಳಿದವರಿಗೆ ವಾಕ್ಯ ಅರ್ಥವಾಗುತ್ತದೆ. ಆದರೆ ನಾವು ಅಂದುಕೊಂಡ ಅರ್ಥ ಅಲ್ಲ, ಬೇರೆಯದು. ನಾವು ಹೇಳಿದ್ದು ಸರಿಯಾಗೇ ಇತ್ತು ಅಂತ ಸುಮ್ಮನಿರುತ್ತೇವೆ. ಮೂರು ದಿನ ಕಳೆದ ಮೇಲೆ ಒಂದು ಕೆಲಸ ತಡವಾಗಿ ಬರುತ್ತದೆ. ಇಲ್ಲವೇ ಎದುರಿಗಿದ್ದವರು ಸಂಬಂಧವೇ ಇಲ್ಲದ ಪ್ರಶ್ನೆ ಕೇಳುತ್ತಾರೆ. ಅಲ್ಲಿಯವರೆಗೂ ದೋಷ ಇರುವುದೇ ಗೊತ್ತಾಗುವುದಿಲ್ಲ.

ಅದಕ್ಕೇ ಇದನ್ನು ವ್ಯಾಕರಣದ ಪಾಠಗಳ ಸಾಲಿನಲ್ಲಿ ಜೋಡಿಸಿಲ್ಲ. ನಿಮಗೆ ಕಾಣುವ ಲಕ್ಷಣ ಯಾವುದೋ ಅಲ್ಲಿಂದ ಓದಿ. ಒಂದು ಮಾತು ಮಾತ್ರ ಮೊದಲೇ ಹೇಳಬೇಕು. ನಿಮ್ಮ ವಾಕ್ಯ ಔಷಧಿ, ಒಪ್ಪಂದ ಅಥವಾ ವೀಸಾಗೆ ಸಂಬಂಧಿಸಿದ್ದರೆ ಬೇರೆ ಯಾವುದನ್ನೂ ನೋಡದೆ ಕೊನೆಯ ಕಡೆ ಇರುವ ‘ಇಲ್ಲಿ ನಿಲ್ಲಿಸಿ’ ಭಾಗಕ್ಕೆ ಹೋಗಿ.

ಎಲ್ಲ ಲಕ್ಷಣಕ್ಕೂ ಮೊದಲ ತಪಾಸಣೆ: ಚುಕ್ಕಿಯೋ, ಗೆರೆಯೋ?

ಇದಕ್ಕೆ ಹತ್ತು ಸೆಕೆಂಡ್ ಸಾಕು. ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಹೇಳಿಕೊಳ್ಳಿ. ಅದರಲ್ಲಿರುವ ಕಾಲದ ಮಾತನ್ನು ಮಾತ್ರ ಹಿಡಿದು ನೋಡಿ. ಅದು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದು ಚುಕ್ಕಿಯೋ, ಅಥವಾ ಇಲ್ಲಿಂದ ಅಲ್ಲಿಗೆ ಎಳೆದ ಗೆರೆಯೋ? ಸೋಮವಾರ, 2019, ಬೆಳಗ್ಗೆ ಐದು ಗಂಟೆ, ಮದುವೆಯಾದ ದಿನ ಇವೆಲ್ಲ ಚುಕ್ಕಿಗಳು. ಮೂರು ದಿನ, ಐದು ವರ್ಷ, ಅರ್ಧ ಗಂಟೆ, ಬಹಳ ಹೊತ್ತು ಇವೆಲ್ಲ ಗೆರೆಗಳು.

ಇನ್ನೊಂದು ಪ್ರಶ್ನೆ: ಆ ಗೆರೆ ಇನ್ನೂ ಓಡುತ್ತಿದೆಯಾ, ಮುಗಿಯಿತಾ?

ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ದೋಷಗಳು ಈ ಎರಡು ಪ್ರಶ್ನೆಗೇ ಸಿಕ್ಕಿಬೀಳುತ್ತವೆ. ಇಂಗ್ಲಿಷ್ ಬಾರದೆ ಆಗುವ ತಪ್ಪಲ್ಲ ಇದು. ಕನ್ನಡದ ಒಂದೊಂದು ಪುಟ್ಟ ಪ್ರತ್ಯಯ ಎರಡು ಮೂರು ಕೆಲಸ ಮಾಡುತ್ತದೆ. ಅದೇ ಕೆಲಸಕ್ಕೆ ಇಂಗ್ಲಿಷ್ ಬೇರೆ ಬೇರೆ ಪದಗಳನ್ನು ಇಟ್ಟುಕೊಂಡಿದೆ. ತಪ್ಪಿನ ಬೇರು ಅಲ್ಲಿದೆ.

ಲಕ್ಷಣ: ‘ಸಿನ್ಸ್’ ಬರೆದ ಕಡೆಯೆಲ್ಲ ಯಾರೋ ತಿದ್ದುತ್ತಾರೆ

‘ಐ ಹ್ಯಾವ್ ಫೀವರ್ ಸಿನ್ಸ್ ತ್ರೀ ಡೇಸ್’. ಇದು ಎಲ್ಲಕ್ಕಿಂತ ಹೆಚ್ಚು ಕಾಣುವ ದೋಷ.

ಕಾರಣ ನಮ್ಮ ‘ಇಂದ’. ‘ಸೋಮವಾರದಿಂದ ಜ್ವರ’ ಅನ್ನುತ್ತೇವೆ, ‘ಮೂರು ದಿನದಿಂದ ಜ್ವರ’ ಅಂತಲೂ ಅನ್ನುತ್ತೇವೆ. ಮೊದಲನೆಯದು ಚುಕ್ಕಿ, ಎರಡನೆಯದು ಗೆರೆ. ಕನ್ನಡಕ್ಕೆ ಎರಡೂ ಒಂದೇ. ಇಂಗ್ಲಿಷ್ ಚುಕ್ಕಿಗೆ ‘ಸಿನ್ಸ್’ ಇಟ್ಟಿದೆ, ಗೆರೆಗೆ ‘ಫಾರ್’ ಇಟ್ಟಿದೆ. ಹಾಗಾಗಿ ‘ಸಿನ್ಸ್ ಮಂಡೇ’, ಆದರೆ ‘ಫಾರ್ ತ್ರೀ ಡೇಸ್’.

‘ಅಂಕಿ ಇದ್ದರೆ ಫಾರ್ ಹಾಕು’ ಅಂತ ಕೆಲವರು ಹೇಳಿಕೊಡುತ್ತಾರೆ. ಇದನ್ನು ನಂಬಬೇಡಿ. 2019 ಕೂಡ ಅಂಕಿಯೇ. ಆದರೆ ಅದು ಚುಕ್ಕಿ, ಅದಕ್ಕೆ ‘ಸಿನ್ಸ್ 2019’ ಸರಿ. ‘ಸಿನ್ಸ್ ಫೈವ್ ಓಕ್ಲಾಕ್’ ಸರಿ, ‘ಸಿನ್ಸ್ ಫೈವ್ ಅವರ್ಸ್’ ತಪ್ಪು. ನಂಬಬಹುದಾದ ಪರೀಕ್ಷೆ ಕನ್ನಡದಲ್ಲೇ ಇದೆ. ನಿಮ್ಮ ಕಾಲದ ಮಾತು ಯಾವ ಪ್ರಶ್ನೆಗೆ ಉತ್ತರ ಅಂತ ನೋಡಿ. ‘ಯಾವಾಗಿನಿಂದ?’ ಅನ್ನುವುದಕ್ಕೆ ಉತ್ತರವಾದರೆ ‘ಸಿನ್ಸ್’. ‘ಎಷ್ಟು ಕಾಲದಿಂದ?’ ಅನ್ನುವುದಕ್ಕೆ ಉತ್ತರವಾದರೆ ‘ಫಾರ್’. ‘ಚಿಕ್ಕಂದಿನಿಂದ’ ಅಂದರೆ ಯಾವಾಗಿನಿಂದ ಅಂತ ಹೇಳಿದ ಹಾಗೆ, ಆದ್ದರಿಂದ ‘ಸಿನ್ಸ್ ಚೈಲ್ಡ್‌ಹುಡ್’. ‘ಬಹಳ ದಿನದಿಂದ’ ಅಂದರೆ ಎಷ್ಟು ಕಾಲದಿಂದ ಅಂತ, ಆದ್ದರಿಂದ ‘ಫಾರ್ ಎ ಲಾಂಗ್ ಟೈಮ್’. ‘ಸಿನ್ಸ್ ಲಾಂಗ್’ ಅನ್ನುವುದು ಇದೇ ದೋಷದ ಇನ್ನೊಂದು ರೂಪ.

‘ಫ್ರಮ್ ಲಾಸ್ಟ್ ಟೂ ಇಯರ್ಸ್’ ಕೂಡ ಇದೇ ‘ಇಂದ’ದ ಕೂಸು. ‘ಫ್ರಮ್’ ಬಂದರೆ ಕೇಳುವವರು ಅದರ ಜೊತೆಗೆ ಒಂದು ‘ಟು’ ಬರುತ್ತದೆ ಅಂತ ಕಾಯುತ್ತಾರೆ: ಸೋಮವಾರದಿಂದ ಬುಧವಾರದವರೆಗೆ ಅನ್ನುವ ಹಾಗೆ. ಕಳೆದ ಎರಡು ವರ್ಷದಿಂದ ಅನ್ನಲು ‘ಫಾರ್ ದ ಲಾಸ್ಟ್ ಟೂ ಇಯರ್ಸ್’ ಬೇಕು. ಆ ‘ದ’ ಬಿಡಬೇಡಿ. ‘ಲಾಸ್ಟ್ ವೀಕ್’ ಅಂದರೆ ಕ್ಯಾಲೆಂಡರಿನಲ್ಲಿ ಹೋದ ವಾರ. ‘ದ ಲಾಸ್ಟ್ ವೀಕ್’ ಅಂದರೆ ಈಗಿನ ತನಕದ ಏಳು ದಿನ. ಇಷ್ಟು ಚಿಕ್ಕ ಪದಕ್ಕೆ ಇಷ್ಟು ಕೆಲಸ.

ಒಂದು ಕಡೆ ಮಾತ್ರ ಗೊಂದಲ ಆಗಬಹುದು. ‘ಇಟ್ಸ್ ಬೀನ್ ಫೈವ್ ಇಯರ್ಸ್ ಸಿನ್ಸ್ ಐ ಮೂವ್ಡ್’ ಅನ್ನುವುದು ಸರಿಯಾದ ವಾಕ್ಯ. ‘ಫೈವ್ ಇಯರ್ಸ್’ ಮತ್ತು ‘ಸಿನ್ಸ್’ ಅಕ್ಕಪಕ್ಕ ಇವೆಯಲ್ಲ ಅಂತ ಗಾಬರಿ ಬೇಡ. ‘ಸಿನ್ಸ್’ ನೋಡುತ್ತಿರುವುದು ಹಿಂದಿನ ‘ಫೈವ್ ಇಯರ್ಸ್’ ಕಡೆಗಲ್ಲ, ಮುಂದಿನ ‘ಐ ಮೂವ್ಡ್’ ಕಡೆಗೆ. ಮನೆ ಬದಲಿಸಿದ ದಿನ ಒಂದು ಚುಕ್ಕಿ. ‘ಮನೆ ಬದಲಿಸಿ ಐದು ವರ್ಷ ಆಯ್ತು’ ಅನ್ನುತ್ತೇವಲ್ಲ, ಅದೇ ಇದು.

ಲಕ್ಷಣ: ‘ಹಾಗಾದರೆ ಯಾವಾಗ ಬಿಟ್ಟಿರಿ?’ ಅಥವಾ ‘ಯಾವಾಗ ವಾಪಸ್?’ ಅಂತ ಕೇಳುತ್ತಾರೆ

‘ಫಾರ್’ ಸರಿಯಾಗಿ ಹಾಕಿದ್ದೀರಿ. ಆದರೂ ಎದುರಿನವರ ಪ್ರಶ್ನೆ ಎಲ್ಲಿಗೋ ಹೋಗುತ್ತಿದೆ. ಹಾಗಿದ್ದರೆ ದೋಷ ಕಾಲದ ಪದದಲ್ಲಿಲ್ಲ, ಕ್ರಿಯಾಪದದಲ್ಲಿದೆ.

ನನಗೇ ಹೀಗಾಗಿತ್ತು. ಒಂದು ಸಂದರ್ಶನದಲ್ಲಿ ಆಗ ಮಾಡುತ್ತಿದ್ದ ಕೆಲಸದ ಬಗ್ಗೆ ‘ಐ ವರ್ಕ್ಡ್ ದೇರ್ ಫಾರ್ ಫೋರ್ ಇಯರ್ಸ್’ ಅಂದೆ. ಯಾಕೆ ಬಿಟ್ಟಿರಿ ಅಂತ ಕೇಳಿದರು. ಬಿಟ್ಟಿಲ್ಲ ಅಂದೆ. ಮುಂದಿನ ಐದು ನಿಮಿಷ ಆ ಗೊಂದಲ ಬಿಡಿಸುವುದರಲ್ಲೇ ಹೋಯಿತು. ಅವರು ತಪ್ಪು ಕೇಳಿಸಿಕೊಂಡಿರಲಿಲ್ಲ. ನನ್ನ ವಾಕ್ಯ ಅದನ್ನೇ ಹೇಳಿತ್ತು.

ಮೂರು ವಾಕ್ಯ ಪಕ್ಕದಲ್ಲಿಟ್ಟು ನೋಡಿ.

‘ಐ ವಾಸ್ ಹಿಯರ್ ಫಾರ್ ಟೂ ವೀಕ್ಸ್.’ ಎರಡು ವಾರ ಇದ್ದೆ, ಆ ಇರುವಿಕೆ ಮುಗಿಯಿತು.

‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ವೀಕ್ಸ್.’ ಬಂದು ಎರಡು ವಾರ ಆಯ್ತು, ಇನ್ನೂ ಇದ್ದೇನೆ.

‘ಐ ಆಮ್ ಹಿಯರ್ ಫಾರ್ ಟೂ ವೀಕ್ಸ್.’ ಒಟ್ಟು ಎರಡು ವಾರ ಇರಲು ಬಂದಿದ್ದೇನೆ. ನಿನ್ನೆಯಷ್ಟೇ ಬಂದಿರಬಹುದು, ಇಲ್ಲವೇ ನಾಡಿದ್ದೇ ಹೊರಡಬಹುದು.

ಮೂರನೆಯದರಲ್ಲೇ ನಾವು ಜಾಸ್ತಿ ಜಾರುವುದು. ಕನ್ನಡದಲ್ಲಿ ‘ಎರಡು ವಾರದಿಂದ ಇಲ್ಲಿದ್ದೀನಿ’ ಅನ್ನುವಾಗ ಕ್ರಿಯಾಪದ ವರ್ತಮಾನದಲ್ಲಿದೆ. ಅದನ್ನೇ ‘ಐ ಆಮ್’ ಅಂತ ಹಾಕಿಬಿಡುತ್ತೇವೆ. ಆದರೆ ಇಂಗ್ಲಿಷಿನಲ್ಲಿ ‘ಆಮ್’ ಜೊತೆ ‘ಫಾರ್’ ಬಂದರೆ ಮುಂದಿನ ಯೋಜನೆಯ ವಾಸನೆ ಬರುತ್ತದೆ. ವಿಮಾನ ನಿಲ್ದಾಣದ ಅಧಿಕಾರಿ ‘ಹೌ ಲಾಂಗ್ ಆರ್ ಯು ಹಿಯರ್ ಫಾರ್?’ ಅಂತ ಕೇಳಿದರೆ ಒಟ್ಟು ಎಷ್ಟು ದಿನ ಇರುತ್ತೀರಿ ಅಂತ. ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’ ಅಂದರೆ ಬಂದು ಎಷ್ಟು ದಿನ ಆಯ್ತು ಅಂತ. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟರೆ ಅಲ್ಲಿ ನಿಂತು ವಿವರಿಸಬೇಕಾಗುತ್ತದೆ.

ಸರಿಪಡಿಸುವುದು ಹೀಗೆ. ಗೆರೆ ಹಿಂದೆ ಶುರುವಾಗಿ ಈ ಕ್ಷಣದವರೆಗೂ ಬಂದಿದ್ದರೆ ‘ಹ್ಯಾವ್ ಬೀನ್’. ಗೆರೆ ಹಿಂದೆಯೇ ಕಡಿದುಹೋಗಿದ್ದರೆ ಸುಮ್ನೆ ಭೂತಕಾಲ. ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಸಂದರ್ಶನ, ಪರಿಚಯ ಪತ್ರ, ಆಸ್ಪತ್ರೆಯಲ್ಲಿ ಹೇಳುವ ರೋಗದ ವಿವರ ಎಲ್ಲವೂ ಒಂದೇ ಸಲ ಸರಿಹೋಗುತ್ತವೆ.

ಲಕ್ಷಣ: ‘ಹಿಂದೆ’ ಅನ್ನುವ ಕಡೆ ವಾಕ್ಯ ಒಡೆದಂತೆ ಕೇಳುತ್ತದೆ

‘ಐ ಹ್ಯಾವ್ ಜಾಯಿನ್ಡ್ ಟೂ ಇಯರ್ಸ್ ಅಗೋ.’ ಇಲ್ಲಿ ‘ಹ್ಯಾವ್’ ಮತ್ತು ‘ಅಗೋ’ ಹೊಂದುವುದಿಲ್ಲ. ಯಾಕೆ ಅಂತ ತಿಳಿಯಲು ‘ಅಗೋ’ ಪದದ ಒಳಗೆ ನೋಡಬೇಕು. ನನಗೆ ಇದು ತುಂಬಾ ಇಷ್ಟವಾದ ಪದ. ಅದರ ಹಳೆಯ ರೂಪ ‘ಅಗಾನ್’, ಅಂದರೆ ಕಳೆದುಹೋದ, ದಾಟಿಹೋದ. ‘ಟೂ ಇಯರ್ಸ್ ಅಗೋ’ ಅಂದರೆ ‘ಎರಡು ವರ್ಷ ಕಳೆದುಹೋಗಿ’ ಅಂದ ಹಾಗೆ. ಅದಕ್ಕೇ ಅದು ಅಳತೆ ಹೇಳಿ ಆದಮೇಲೆ ಬಂದು ಕೂರುತ್ತದೆ, ಮೊದಲು ಅಲ್ಲ. ಅದಕ್ಕೆ ಇನ್ನೊಂದು ‘ಇನ್’, ‘ಆನ್’ ಬೇಕಾಗುವುದಿಲ್ಲ. ಅದು ಈಗಿನಿಂದ ಹಿಂದಕ್ಕೆ ಅಳತೆ ಮಾಡಿ ಒಂದು ಚುಕ್ಕಿ ಇಡುತ್ತದೆ. ಚುಕ್ಕಿಗೆ ಸಾದಾ ಭೂತಕಾಲ: ‘ಐ ಜಾಯಿನ್ಡ್ ಟೂ ಇಯರ್ಸ್ ಅಗೋ’.

ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಮಾಡಿದ ಭಾಷಣ ಶುರುವಾಗುವುದೇ ಹೀಗೊಂದು ಅಳತೆಯಿಂದ: ‘ಫೋರ್ ಸ್ಕೋರ್ ಅಂಡ್ ಸೆವೆನ್ ಇಯರ್ಸ್ ಅಗೋ’. ‘ಸ್ಕೋರ್’ ಅಂದರೆ ಇಪ್ಪತ್ತು. ನಾಲ್ಕು ಇಪ್ಪತ್ತು ಎಂಬತ್ತು, ಮೇಲೆ ಏಳು. 1863ರಿಂದ 87 ಕಳೆದರೆ 1776, ಅಮೆರಿಕ ಸ್ವಾತಂತ್ರ್ಯ ಘೋಷಿಸಿಕೊಂಡ ವರ್ಷ. ‘ಅಗೋ’ ಹೇಗೆ ಗೆರೆಯನ್ನು ಅಳೆದು ಚುಕ್ಕಿಗೆ ತಲುಪುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೆನ್ನಾಗಿ ಕಾಣುವ ಉದಾಹರಣೆ ನನಗೆ ಸಿಕ್ಕಿಲ್ಲ.

‘ಅಗೋ’ ಯಾವಾಗಲೂ ಈಗಿನಿಂದ ಹಿಂದಕ್ಕೆ. ಕಥೆಯೊಳಗಿನ ಬೇರೆ ದಿನದಿಂದ ಹಿಂದಕ್ಕೆ ಎಣಿಸುವುದಾದರೆ ‘ಬಿಫೋರ್’ ಅಥವಾ ‘ಅರ್ಲಿಯರ್’ ಬೇಕು. ‘ಅವರು 2010ರಲ್ಲಿ ಮನೆ ಕೊಂಡರು, ಅದಕ್ಕೆ ಎರಡು ವರ್ಷ ಹಿಂದೆ ಮದುವೆಯಾಗಿತ್ತು’ ಅನ್ನುವಾಗ ‘ಟೂ ಇಯರ್ಸ್ ಅರ್ಲಿಯರ್’. ‘ಟೂ ಇಯರ್ಸ್ ಬ್ಯಾಕ್’ ಆಡುಮಾತಿಗೆ ನಡೆಯುತ್ತದೆ. ಅರ್ಜಿ, ವರದಿಗಳಲ್ಲಿ ‘ಅಗೋ’ ಬರೆಯಿರಿ.

ಲಕ್ಷಣ: ‘ಇನ್ ಟೂ ಡೇಸ್’ ಅಂದಿದ್ದಕ್ಕೆ ಒಬ್ಬರು ನಾಳೆ ಕಾದರು, ಇನ್ನೊಬ್ಬರು ನಾಡಿದ್ದು ಬಂದರು

‘ಐ ವಿಲ್ ಫಿನಿಶ್ ಇಟ್ ಇನ್ ಟೂ ಡೇಸ್’ ಅನ್ನುವ ವಾಕ್ಯಕ್ಕೆ ನಿಜವಾಗಿಯೂ ಎರಡು ಅರ್ಥ ಇದೆ. ಇವತ್ತಿನಿಂದ ಎರಡು ದಿನಕ್ಕೆ ಮುಗಿಯುತ್ತದೆ ಅಂತ ಒಂದು. ಯಾವಾಗ ಶುರು ಮಾಡಿದರೂ ಎರಡು ದಿನದ ಕೆಲಸ ಅಂತ ಇನ್ನೊಂದು. ಇದು ನಿಮ್ಮ ತಪ್ಪಲ್ಲ, ಪದದ ಗುಣ.

ಸುಲಭದ ಪರಿಹಾರ ಪದ ಬದಲಿಸುವುದು. ಹಿಡಿಯುವ ಕಾಲ ಹೇಳಬೇಕಾದರೆ ‘ಇಟ್ ವಿಲ್ ಟೇಕ್ ಟೂ ಡೇಸ್’. ಗಡುವು ಹೇಳಬೇಕಾದರೆ ‘ವಿದಿನ್ ಟೂ ಡೇಸ್’, ಅಂದರೆ ಅಷ್ಟರೊಳಗೆ ಯಾವಾಗ ಬೇಕಾದರೂ. ಗಡುವು ಖಚಿತವಾಗಿದ್ದರೆ ದಿನದ ಹೆಸರನ್ನೇ ಬರೆಯಿರಿ. ‘ಆಫ್ಟರ್ ಟೂ ಡೇಸ್’ ಅನ್ನುವುದನ್ನು ಇನ್ನು ಎರಡು ದಿನಕ್ಕೆ ಅನ್ನುವ ಅರ್ಥದಲ್ಲಿ ಬಳಸಬೇಡಿ. ‘ಎರಡು ದಿನ ಆದಮೇಲೆ ಬರ್ತೀನಿ’ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಹಾಕಿದರೆ ಎರಡು ದಿನ ದಾಟಿದ ಮೇಲೆ ಯಾವಾಗಲೋ ಅಂತ ಕೇಳುತ್ತದೆ. ಆರನೇ ದಿನವೂ ಅದರಲ್ಲಿ ಸೇರುತ್ತದೆ.

‘ಫಾರ್’ ಮತ್ತು ‘ಇನ್’ ನಡುವೆ ಇನ್ನೊಂದು ಆಳದ ವ್ಯತ್ಯಾಸ ಇದೆ. ‘ಐ ರೆಡ್ ದ ಬುಕ್ ಫಾರ್ ಟೂ ಅವರ್ಸ್’ ಅಂದರೆ ಎರಡು ಗಂಟೆ ಓದಿದೆ, ಮುಗಿಯಿತು ಅಂತ ಹೇಳುತ್ತಿಲ್ಲ. ‘ಇನ್ ಟೂ ಅವರ್ಸ್’ ಅಂದರೆ ಓದಿ ಮುಗಿಸಿದೆ. ಕೊನೆ ಮುಟ್ಟುವ ಕೆಲಸ, ಕೊನೆಯಿಲ್ಲದೆ ನಡೆಯುವ ಕೆಲಸ ಅಂತ ಕ್ರಿಯಾಪದಗಳನ್ನು ಹೀಗೆ ಬೇರ್ಪಡಿಸಿ ತೋರಿಸಿದವರಲ್ಲಿ ತತ್ವಶಾಸ್ತ್ರಜ್ಞ ಝೀನೋ ವೆಂಡ್ಲರ್ ಹೆಸರು ಮುಖ್ಯ. ಅವರ ಲೇಖನ ಬಂದದ್ದು 1957ರಲ್ಲಿ. ನಮಗೆ ಸಂತೋಷದ ವಿಷಯ ಅಂದರೆ ಕನ್ನಡದಲ್ಲಿ ಇದೇ ಪರೀಕ್ಷೆ ಹುಟ್ಟಿನಿಂದಲೇ ಇದೆ. ‘ಎರಡು ಗಂಟೆ ಓದಿದೆ’ ಅಂದರೆ ‘ಫಾರ್’. ‘ಎರಡು ಗಂಟೆಯಲ್ಲಿ ಓದಿದೆ’ ಅಂದರೆ ‘ಇನ್’. ಕನ್ನಡದಲ್ಲಿ ‘ಅಲ್ಲಿ’ ಬಂತಾ ಅಂತ ನೋಡಿ, ಇಂಗ್ಲಿಷಿನಲ್ಲಿ ತಾನಾಗೇ ಸರಿಹೋಗುತ್ತದೆ. ಇಲ್ಲಿ ನಮ್ಮ ಭಾಷೆ ದಾರಿ ತಪ್ಪಿಸುವುದಿಲ್ಲ, ದಾರಿ ತೋರಿಸುತ್ತದೆ.

‘ಡ್ಯೂರಿಂಗ್ ತ್ರೀ ಡೇಸ್’ ಅಂತ ಬರೆದಿದ್ದರೆ ಅದನ್ನೂ ಇಲ್ಲೇ ತಿದ್ದಿ. ‘ಡ್ಯೂರಿಂಗ್’ ಮುಂದೆ ಹೆಸರಿರುವ ಅವಧಿ ಬರಬೇಕು: ರಜೆ, ಸಭೆ, ಯುದ್ಧ. ಸುಮ್ನೆ ಅಳತೆ ಇದ್ದರೆ ‘ಫಾರ್’.

ಲಕ್ಷಣ: ಗಡುವಿನ ದಿನದ ಬಗ್ಗೆ ಜಗಳ

‘ಸಬ್ಮಿಟ್ ಇಟ್ ಟಿಲ್ ಫ್ರೈಡೇ’ ಅಂತ ಬರೆದರೆ ಓದಿದವರು ತಲೆ ಕೆರೆದುಕೊಳ್ಳುತ್ತಾರೆ. ಶುಕ್ರವಾರದ ತನಕ ಕೊಡುತ್ತಲೇ ಇರಬೇಕಾ? ‘ಟಿಲ್’, ‘ಅಂಟಿಲ್’ ಎರಡೂ ನಡೆಯುತ್ತಲೇ ಇರುವ ಕೆಲಸಕ್ಕೆ. ಒಮ್ಮೆ ಆಗಿ ಮುಗಿಯುವ ಕೆಲಸಕ್ಕೆ ‘ಬೈ’. ಕನ್ನಡದಲ್ಲಿ ‘ತನಕ’ ಹೊಂದಿದರೆ ‘ಅಂಟಿಲ್’, ‘ಹೊತ್ತಿಗೆ’ ಅಥವಾ ‘ಒಳಗೆ’ ಹೊಂದಿದರೆ ‘ಬೈ’. ಶುಕ್ರವಾರದ ತನಕ ಕಾಯುತ್ತೇನೆ, ಶುಕ್ರವಾರದ ಒಳಗೆ ಕೊಡುತ್ತೇನೆ.

ಇದು ಸರಿಯಾದ ಮೇಲೂ ಜಗಳ ನಿಲ್ಲದಿದ್ದರೆ ತಕರಾರು ಕೊನೆಯ ದಿನದ್ದು. ‘ಆನ್ ಲೀವ್ ಅಂಟಿಲ್ ಮಂಡೇ’ ಅಂತ ಇಮೇಲಿನಲ್ಲಿ ಹಾಕಿ ಹೋಗಿದ್ದೀರಿ. ಸೋಮವಾರ ಕೆಲಸಕ್ಕೆ ಬರುತ್ತೀರಾ, ಅವತ್ತೂ ರಜೆಯಾ? ವಾಕ್ಯ ಇದನ್ನು ಹೇಳುವುದಿಲ್ಲ. ಅಮೆರಿಕದವರು ಕೊನೆಯ ದಿನ ಸೇರಿಸಿ ಹೇಳಲು ‘ಥ್ರೂ ಮಂಡೇ’ ಅನ್ನುತ್ತಾರೆ. ಆದರೆ ಬೇರೆ ಕಡೆಯವರಿಗೆ ಅದು ಅಷ್ಟು ಬಳಕೆಯಲ್ಲಿಲ್ಲ. ‘ಬ್ಯಾಕ್ ಅಟ್ ವರ್ಕ್ ಆನ್ ಮಂಡೇ’ ಅಂತ ಬರೆದುಬಿಡಿ, ಎಲ್ಲರಿಗೂ ಒಂದೇ ಅರ್ಥ.

ರಾತ್ರಿ ಹನ್ನೆರಡು ಗಂಟೆಯೂ ಹೀಗೇ. ‘ಮಿಡ್‌ನೈಟ್ ಆನ್ ಫ್ರೈಡೇ’ ಅಂದರೆ ಶುಕ್ರವಾರ ಶುರುವಾಗುವ ಮಧ್ಯರಾತ್ರಿಯೋ ಮುಗಿಯುವ ಮಧ್ಯರಾತ್ರಿಯೋ? ಇಡೀ ಒಂದು ದಿನದ ವ್ಯತ್ಯಾಸ. ರಾತ್ರಿ 11:59 ಅಂತ ಬರೆದರೆ ಮುಗಿಯಿತು.

ಲಕ್ಷಣ: ಇಬ್ಬರದೂ ಇಂಗ್ಲಿಷ್ ಸರಿ, ಆದರೂ ಬೇರೆ ಬೇರೆ ದಿನ ಬಂದರು

ಇದು ಯಾರ ವ್ಯಾಕರಣದ ದೋಷವೂ ಅಲ್ಲ. ಕೆಲವು ಪದಗಳೇ ಎರಡು ಕಡೆ ತಿರುಗುವ ಬಾಗಿಲುಗಳು. ಇಂಥವನ್ನು ರಿಪೇರಿ ಮಾಡಲು ಹೋಗಬೇಡಿ, ತೆಗೆದುಹಾಕಿ.

‘ಬೈವೀಕ್ಲಿ’ ಎಲ್ಲಕ್ಕಿಂತ ಕೆಟ್ಟದ್ದು. ವಾರಕ್ಕೆರಡು ಸಲ, ಎರಡು ವಾರಕ್ಕೊಮ್ಮೆ, ಈ ಎರಡೂ ಅರ್ಥಗಳನ್ನು ನಿಘಂಟುಗಳು ಕೊಡುತ್ತವೆ. ‘ಬೈಮಂತ್ಲಿ’ಯೂ ಅಷ್ಟೇ. ‘ಟ್ವೈಸ್ ಎ ವೀಕ್’ ಅಥವಾ ‘ಎವೆರಿ ಟೂ ವೀಕ್ಸ್’ ಬರೆಯಿರಿ. ‘ನೆಕ್ಸ್ಟ್ ಫ್ರೈಡೇ’ ಅಂದರೆ ಕೆಲವರಿಗೆ ಮೊದಲು ಬರುವ ಶುಕ್ರವಾರ, ಕೆಲವರಿಗೆ ಅದರ ಆಚೆಯದು. ತಾರೀಖು ಹಾಕಿ.

ಬುಧವಾರದ ಸಭೆಯನ್ನು ‘ಮೂವ್ಡ್ ಫಾರ್ವರ್ಡ್ ಟೂ ಡೇಸ್’ ಅಂತ ತಿಳಿಸಿದರೆ ಸಭೆ ಸೋಮವಾರವೋ ಶುಕ್ರವಾರವೋ? ಇಂಗ್ಲಿಷೇ ತಾಯಿನುಡಿಯಾದವರೂ ಇಲ್ಲಿ ಎರಡು ಪಾಲಾಗುತ್ತಾರೆ. ಮನಶ್ಶಾಸ್ತ್ರ ಸಂಶೋಧಕರಾದ ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೆಲ್ ರಾಮ್ಸ್ಕಾರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನ ನಿಲ್ದಾಣದಲ್ಲಿದ್ದವರನ್ನೂ ಇದೇ ಪ್ರಶ್ನೆ ಕೇಳಿದ್ದರು. ಆಗಷ್ಟೇ ವಿಮಾನದಿಂದ ಇಳಿದವರು, ಯಾರಿಗೋ ಕಾಯುತ್ತಾ ನಿಂತವರಿಗಿಂತ ಹೆಚ್ಚಾಗಿ ಶುಕ್ರವಾರ ಅಂದರು. ತಾವೇ ಮುಂದಕ್ಕೆ ಚಲಿಸಿ ಬಂದವರಿಗೆ ಕಾಲದಲ್ಲೂ ‘ಮುಂದೆ’ ಅಂದರೆ ತಾವು ಹೋಗುವ ದಿಕ್ಕು. ಒಂದು ಪದದ ಅರ್ಥ ಕೇಳುವವರು ಎಲ್ಲಿಂದ ಬಂದರು ಅನ್ನುವುದರ ಮೇಲೆ ನಿಂತಿದ್ದರೆ ಅದನ್ನು ನೋಟಿಸಿನಲ್ಲಿ ಹಾಕಬಾರದು, ಅಲ್ವಾ?

ನಮ್ಮ ಎಣಿಕೆಯದೂ ಒಂದು ತೊಡಕಿದೆ. ‘ಎಂಟು ದಿನ ಬಿಟ್ಟು ಬನ್ನಿ’ ಅಂದರೆ ನಮಗೆ ಒಂದು ವಾರ. ‘ಹದಿನೈದು ದಿನ’ ಅಂದರೆ ಎರಡು ವಾರ. ಇವತ್ತಿನ ದಿನವನ್ನೂ ಸೇರಿಸಿ ಎಣಿಸುವ ರೂಢಿ ಇದು. ಫ್ರೆಂಚ್ ಭಾಷೆಯಲ್ಲೂ ಒಂದು ವಾರಕ್ಕೆ ಎಂಟು ದಿನ, ಎರಡು ವಾರಕ್ಕೆ ಹದಿನೈದು ದಿನ ಅನ್ನುತ್ತಾರೆ. ಇಂಗ್ಲಿಷ್ ಹಾಗಲ್ಲ. ‘ಫೋರ್ಟ್‌ನೈಟ್’ ಅಂದರೆ ‘ಫೋರ್ಟೀನ್ ನೈಟ್ಸ್’, ಹದಿನಾಲ್ಕು ರಾತ್ರಿ. ಇಂಗ್ಲಿಷಿನ ಮೂಲದವರಾದ ಜರ್ಮಾನಿಕ್ ಜನ ಹಗಲಿನ ಬದಲು ರಾತ್ರಿಯನ್ನು ಎಣಿಸುತ್ತಾರೆ ಅಂತ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೇ ಬರೆದಿದ್ದ. ಆ ಹಳೆಯ ಎಣಿಕೆಯ ಉಳಿಕೆ ಈ ಪದ. ‘ಸೆನ್‌ನೈಟ್’ ಅಂತ ಏಳು ರಾತ್ರಿಗೂ ಒಂದು ಪದ ಇತ್ತು, ಈಗ ಬಳಕೆಯಲ್ಲಿಲ್ಲ. ಹಾಗಾಗಿ ನೀವು ‘ಫಿಫ್ಟೀನ್ ಡೇಸ್’ ಅಂತ ಬರೆದರೆ ಇಂಗ್ಲಿಷ್ ಓದುಗ ನಿಜವಾಗಿ ಹದಿನೈದೇ ಎಣಿಸುತ್ತಾನೆ. ಎರಡು ವಾರ ಅಂತಿದ್ದರೆ ‘ಟೂ ವೀಕ್ಸ್’ ಬರೆಯಿರಿ. ‘ಫೋರ್ಟ್‌ನೈಟ್’ ಬ್ರಿಟನ್ನಿನಲ್ಲಿ ದಿನನಿತ್ಯದ ಪದ, ಅಮೆರಿಕದಲ್ಲಿ ಅಪರೂಪ.

ಲಕ್ಷಣ: ಅರ್ಥ ಕೆಟ್ಟಿಲ್ಲ, ಆದರೆ ಕಿವಿಗೆ ಒಗ್ಗುವುದಿಲ್ಲ

ಇವು ಬರೀ ಮೇಲ್ಮೈ ಗೀರುಗಳು. ಬೇಗ ಸರಿಪಡಿಸಬಹುದು.

ಕನ್ನಡದಲ್ಲಿ ‘ಎರಡು ವಾರ’, ‘ಹತ್ತು ದಿನ’ ಅಂತ ಏಕವಚನವೇ ಸಾಕು. ಇಂಗ್ಲಿಷಿಗೆ ‘ಟೂ ವೀಕ್ಸ್’ ಬೇಕು. ಆದರೆ ಅದೇ ಅಳತೆ ಇನ್ನೊಂದು ಪದದ ಮುಂದೆ ವಿಶೇಷಣವಾಗಿ ಕೂತರೆ ಇಂಗ್ಲಿಷೂ ನಮ್ಮ ಹಾಗೆ ಏಕವಚನಕ್ಕೆ ಬರುತ್ತದೆ: ‘ಎ ತ್ರೀ-ಡೇ ಟ್ರಿಪ್’, ‘ಎ ಫೈವ್-ಇಯರ್ ಪ್ಲಾನ್’. ‘ತ್ರೀ ಡೇಸ್ ಟ್ರಿಪ್’ ಅಲ್ಲ. ರಜೆ, ನೋಟಿಸುಗಳಿಗೆ ಇನ್ನೊಂದು ಜೋಡಣೆ ಇದೆ. ‘ತ್ರೀ ಡೇಸ್ ಲೀವ್’ ಬರೆಯುವಾಗ ‘ಡೇಸ್’ನ ಕೊನೆಯ ಎಸ್ ಅಕ್ಷರ ಆದಮೇಲೆ ಮೇಲುಗಡೆ ಒಂದು ಅಪಾಸ್ಟ್ರಫಿ ಹಾಕಬೇಕು, ಮೂರು ದಿನಗಳ ರಜೆ ಅನ್ನುವ ಅರ್ಥದಲ್ಲಿ.

ಒಂದೂವರೆ ಗಂಟೆ ‘ಒನ್ ಅಂಡ್ ಎ ಹಾಫ್ ಅವರ್ಸ್’. ನಡುವಿನ ‘ಎ’ ಮತ್ತು ಕೊನೆಯ ಬಹುವಚನ ಎರಡೂ ಬೇಕು. ‘ಆನ್ ಅವರ್ ಅಂಡ್ ಎ ಹಾಫ್’ ಅಂದರೂ ಆಯ್ತು. ‘ನಾಲ್ಕೈದು ದಿನ’ವನ್ನು ‘ಫೋರ್ ಫೈವ್ ಡೇಸ್’ ಅನ್ನಬೇಡಿ. ಫೋನಿನಲ್ಲಿ ಅದು ನಲವತ್ತೈದು ಅಂತ ಕೇಳಬಹುದು. ‘ಫೋರ್ ಆರ್ ಫೈವ್’ ಅನ್ನಿ. ‘ಒಂದೆರಡು ದಿನ’ಕ್ಕೆ ‘ಎ ಡೇ ಆರ್ ಟೂ’.

ಹತ್ತು ನಿಮಿಷ ಸಾಕು ಅನ್ನುವಾಗ ‘ಟೆನ್ ಮಿನಿಟ್ಸ್ ಈಸ್ ಇನಫ್’. ಹತ್ತು ಬಿಡಿ ಬಿಡಿ ನಿಮಿಷ ಅಲ್ಲ, ಒಂದೇ ಗೆರೆ. ಆದ್ದರಿಂದ ‘ಈಸ್’.

ಲಕ್ಷಣ: ಪದಕ್ಕೆ ಪದ ಅರ್ಥ ಮಾಡಿಕೊಂಡು ಕಾದು ಕೂತದ್ದು

‘ಇನ್ ಎ ಮಿನಿಟ್’ ಅಂದವರಿಗೆ ಅರವತ್ತು ಸೆಕೆಂಡ್ ಎಣಿಸಬೇಡಿ. ಅದು ‘ಇದೋ ಬಂದೆ’. ‘ಶಿ ಲೆಫ್ಟ್ ಫಾರ್ ಗುಡ್’ ಅಂದರೆ ಒಳ್ಳೆಯದಕ್ಕೆ ಹೋದಳು ಅಂತಲ್ಲ, ಇನ್ನು ಬರುವುದಿಲ್ಲ ಅಂತ. ‘ಫಾರ್ ದ ಟೈಮ್ ಬೀಯಿಂಗ್’ ಅಂದರೆ ಸದ್ಯಕ್ಕೆ. ‘ದ ಅದರ್ ಡೇ’ ಅಂದರೆ ಇನ್ನೊಂದು ದಿನ ಅಲ್ಲ, ಮೊನ್ನೆ ಮೊನ್ನೆ.

‘ಆನ್ ಟೈಮ್’ ಅಂದರೆ ಹೇಳಿದ ಗಳಿಗೆಗೆ ಸರಿಯಾಗಿ. ‘ಇನ್ ಟೈಮ್’ ಅಂದರೆ ತಡವಾಗುವ ಮುಂಚೆ. ‘ವಿ ಹ್ಯಾವ್ ಎ ಫ್ಯೂ ಡೇಸ್’ ಅಂದರೆ ಇನ್ನೂ ನಾಲ್ಕು ದಿನ ಕೈಯಲ್ಲಿದೆ ಅನ್ನುವ ಸಮಾಧಾನ. ‘ಎ’ ತೆಗೆದು ‘ಫ್ಯೂ ಡೇಸ್’ ಅಂದರೆ ದಿನಗಳೇ ಉಳಿದಿಲ್ಲ ಅನ್ನುವ ಆತಂಕ.

‘ಮೊಮೆಂಟರಿಲಿ’ ಬಗ್ಗೆ ಎಚ್ಚರ. ಬ್ರಿಟನ್ನಿನಲ್ಲಿ ಅದು ಕ್ಷಣ ಕಾಲ, ಅಮೆರಿಕದಲ್ಲಿ ಇನ್ನೊಂದು ಕ್ಷಣದಲ್ಲಿ. ವಿಮಾನ ‘ಮೊಮೆಂಟರಿಲಿ’ ಇಳಿಯುತ್ತದೆ ಅಂದರೆ ಒಬ್ಬರಿಗೆ ಇಳಿಯಲು ಸಿದ್ಧರಾಗಿ ಅಂತ, ಇನ್ನೊಬ್ಬರಿಗೆ ಇಳಿದ ಕೂಡಲೇ ಮತ್ತೆ ಹಾರುತ್ತದೆ ಅಂತ.

ಇಲ್ಲಿ ನಿಲ್ಲಿಸಿ: ನೀವೇ ಊಹಿಸಬಾರದ ಕಡೆಗಳು

ಮೊದಲು ಔಷಧಿ. ‘ಎವೆರಿ ಸಿಕ್ಸ್ ಅವರ್ಸ್’ ಅಂದರೆ ಇಪ್ಪತ್ನಾಲ್ಕು ಗಂಟೆಗೆ ನಾಲ್ಕು ಸಲ, ಆರಾರು ಗಂಟೆ ಅಂತರದಲ್ಲಿ. ‘ಫೋರ್ ಟೈಮ್ಸ್ ಎ ಡೇ’ ಅಂದಾಗ ಹಾಗೇ ಸಮನಾಗಿ ಹಂಚಬೇಕಾ, ಎಚ್ಚರವಿರುವ ಹೊತ್ತಿನಲ್ಲಿ ಸಾಕಾ ಅಂತ ಕೇಳಲೇಬೇಕು. ‘ಎವೆರಿ ಅದರ್ ಡೇ’ ಅಂದರೆ ದಿನ ಬಿಟ್ಟು ದಿನ. ನಡುವಿನ ‘ಅದರ್’ ಕಣ್ಣು ತಪ್ಪಿದರೆ ದಿನಾ ಆಗುತ್ತದೆ, ಅಂದರೆ ಎರಡು ಪಟ್ಟು. ‘ವನ್ಸ್ ವೀಕ್ಲಿ’ಯನ್ನು ‘ವನ್ಸ್ ಡೈಲಿ’ ಅಂತ ಓದುವುದು ಇನ್ನೂ ಅಪಾಯ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ತಪ್ಪಾಗಿ ದಿನಾ ತೆಗೆದುಕೊಂಡು ಜೀವ ಹೋದ ಪ್ರಕರಣಗಳಿವೆ. ಚೀಟಿಯ ಒಂದು ಪದದ ಬಗ್ಗೆ ಅನುಮಾನ ಬಂದರೂ ಮಾತ್ರೆ ನುಂಗುವ ಮುಂಚೆ ವೈದ್ಯರನ್ನೋ ಔಷಧಿ ಕೊಟ್ಟವರನ್ನೋ ಕೇಳಿ. ಯಾವ ದಿನ, ಎಷ್ಟು ಗಂಟೆಗೆ ಅಂತ ನಿಮ್ಮ ಭಾಷೆಯಲ್ಲೇ ಬರೆಸಿಕೊಳ್ಳಿ.

ಒಪ್ಪಂದದಲ್ಲಿ ‘ವಿದಿನ್ ಥರ್ಟಿ ಡೇಸ್’ ಕಂಡರೆ ಮೂರು ವಿಷಯ ಹುಡುಕಿ. ಎಣಿಕೆ ಯಾವ ದಿನದಿಂದ? ಆ ಮೊದಲ ದಿನ ಲೆಕ್ಕಕ್ಕೆ ಇದೆಯಾ? ರಜಾದಿನಗಳೂ ಸೇರಿದ ‘ಕ್ಯಾಲೆಂಡರ್ ಡೇಸ್’ ಆ, ಕೆಲಸದ ದಿನ ಮಾತ್ರದ ‘ಬಿಸಿನೆಸ್ ಡೇಸ್’ ಆ? ಇವು ಅದರಲ್ಲಿ ಬರೆದಿಲ್ಲದಿದ್ದರೆ ಉತ್ತರ ನಿಘಂಟಿನಲ್ಲಿ ಸಿಗುವುದಿಲ್ಲ, ಆ ನಾಡಿನ ಕಾನೂನಿನಲ್ಲಿರುತ್ತದೆ. ಸಹಿ ಹಾಕುವ ಮುಂಚೆ ವಕೀಲರನ್ನು ಕೇಳಿ.

ವೀಸಾದ್ದೂ ಹಾಗೇ. ಯುರೋಪಿನ ಷೆಂಗೆನ್ ಪ್ರದೇಶಕ್ಕೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಅಲ್ಪಾವಧಿಗೆ ಹೋಗುವವರಿಗೆ ‘90 ಡೇಸ್ ಇನ್ ಎನಿ 180-ಡೇ ಪೀರಿಯಡ್’ ಅನ್ನುವ ಮಿತಿ ಇದೆ. ಇದನ್ನು ಮೂರು ತಿಂಗಳು ಅಂತ ಓದಿಕೊಂಡರೆ ಕೆಟ್ಟಿರಿ. ಜುಲೈ, ಆಗಸ್ಟ್, ಸೆಪ್ಟೆಂಬರ್ ಕೂಡಿದರೆ 92 ದಿನ. ಅಲ್ಲಿಗೆ ಕಾಲಿಟ್ಟ ದಿನ, ಅಲ್ಲಿಂದ ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ‘ಎನಿ’ ಅಂದರೆ ಆ 180 ದಿನದ ಕಿಟಕಿ ಒಂದೇ ಕಡೆ ನಿಲ್ಲುವುದಿಲ್ಲ, ನೀವು ಅಲ್ಲಿರುವ ಪ್ರತಿ ದಿನದಿಂದಲೂ ಹಿಂದಕ್ಕೆ ಎಣಿಸಬೇಕು.

ಎಲ್ಲ ನೋಡಿದರೂ ಅನುಮಾನ ಉಳಿದರೆ

ಅಳತೆಯ ಮಾತನ್ನೇ ಬಿಟ್ಟುಬಿಡಿ. ಗೆರೆಯ ಎರಡು ತುದಿಗೂ ಒಂದೊಂದು ಚುಕ್ಕಿ ಇಡಿ: ಮೊದಲ ದಿನ ಯಾವುದು, ಕೊನೆಯ ದಿನ ಯಾವುದು. ತಾರೀಖನ್ನು 04/05 ಅಂತ ಬರೆಯಬೇಡಿ. ಅಮೆರಿಕದವರಿಗೆ ಅದು ಏಪ್ರಿಲ್ 5, ಬ್ರಿಟನ್ನಿನವರಿಗೆ ಮೇ 4. ತಿಂಗಳ ಹೆಸರನ್ನು ಅಕ್ಷರದಲ್ಲಿ ಹಾಕಿ. ಇಲ್ಲವೇ 1988ರಲ್ಲಿ ಬಂದ ಐಎಸ್ಒ 8601 ಅನ್ನುವ ಅಂತರರಾಷ್ಟ್ರೀಯ ಕ್ರಮದಂತೆ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಬರೆಯಿರಿ. ಆಮೇಲೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ‘ಇದರಲ್ಲಿ ನಾನು ಯಾವ ದಿನ ವಾಪಸ್ ಬರ್ತೀನಿ ಅಂತ ಇದೆ?’ ಅಂತ ಕೇಳಿ. ಅವರು ಬೇರೆ ದಿನ ಹೇಳಿದರೆ ಅವರನ್ನು ತಿದ್ದಬೇಡಿ, ವಾಕ್ಯವನ್ನು ತಿದ್ದಿ.